ಸದ್ದು ಮಾಡದ ಲ್ಯಾಪ್‌ಟಾಪು

ಲ್ಯಾಪ್‌ಟಾಪು ಸದ್ದು ಮಾಡಬೇಕೋ ಬೇಡವೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಹಳಿಯಾಳದ ಒಂದು ಮನೆತನ ಅದನ್ನು ಪರಿಶೀಲಿಸಿ, ತೀರ್ಮಾನಿಸಿ, ಜಾರಿಗೂ ತಂದಿದೆ. ಆ ತೀರ್ಮಾನದ ಫಲ ಈಗ ಬೆಳಗಿನ ಮಂಜಿನಲ್ಲಿ ಕಚೇರಿ ರಸ್ತೆ ಹಿಡಿದು ನಡೆದು ಬರುತ್ತಿದೆ.

ಬರುತ್ತಿರುವವರು ಆಸಿಫಾ. ಸೊಂಟದ ಮೇಲೆ ಕೊಡದಂತೆ ಕೂತಿದೆ ಟೈಪ್‌ರೈಟರ್. ತಾಲೂಕು ಕಚೇರಿ ಎದುರಿನ ಹುಣಸೆಮರದ ಕೆಳಗಿನ ಕಲ್ಲುಬೆಂಚೇ ಅವರ ಅಂಗಡಿ. ಜಮೀನಿನ ತಕರಾರು, ಪಿಂಚಣಿ, ಪಹಣಿ ಉತಾರದಿಂದ ಸತ್ತವರ ಹೆಸರು ತೆಗೆಸುವುದು. ಊರಿನ ಸಂಕಟವನ್ನೆಲ್ಲ ಅವರು ಅರ್ಜಿಯಲ್ಲಿ ‘ಮಾನ್ಯರೇ’ ಎಂದು ಶುರುಮಾಡಿ ‘ತಮ್ಮ ವಿಶ್ವಾಸಿ’ ಎಂದು ಮುಗಿಸುತ್ತಾರೆ.

ಅರ್ಜಿ ಕಂಪ್ಯೂಟರಿನಲ್ಲೇ ಬರಲಿ ಎಂದು ಕಚೇರಿ ಹೇಳಿದ ಮೇಲೆ ಗಿರಾಕಿಗಳು ಎದುರಿನ ಝೆರಾಕ್ಸ್ ಅಂಗಡಿಗೆ ದಾಟತೊಡಗಿದರು. ಬೆಂಚು ಉಳಿಯಬೇಕಾದರೆ ಸಣ್ಣದೊಂದು ಲ್ಯಾಪ್‌ಟಾಪು ಬೇಕಿತ್ತು. ಮರಕ್ಕೆ ಕರೆಂಟಿಲ್ಲ, ಆದ್ದರಿಂದ ಬೆಳಗಿನ ಚಾರ್ಜು ಸಂಜೆವರೆಗೆ ಬರಬೇಕು. ಆಸಿಫಾ ಹಾಕಿದ ಷರತ್ತು ಇದೊಂದೇ.

ದುಡ್ಡು ಅವರದು. ಆರಿಸುವ ಅಧಿಕಾರ ಅಣ್ಣ ವಜೀರ ಭಾಯಿಯದು. ಹೆಂಗಸು ಚೌಕಾಸಿಗೆ ನಿಂತರೆ ಅಂಗಡಿಯವ ಬೋಳಿಸುತ್ತಾನೆಂದು ಮನೆಯಲ್ಲಿ ನಂಬಿಕೆ. ಭಾಯಿ ಬೈಕ್ ಮೆಕ್ಯಾನಿಕ್. ಇಂಜಿನ್ನಿಗೆ ಕಿವಿಗೊಟ್ಟೇ ರೋಗ ಹೇಳುವವರು. ದಾಂಡೇಲಿಯ ಅಂಗಡಿಯಲ್ಲಿ ವೀರೇಶ ತೋರಿಸಿದ ಸಣ್ಣ ಲ್ಯಾಪ್‌ಟಾಪಿಗೂ ಹಾಗೆಯೇ ಕಿವಿ ಹಚ್ಚಿದರು.

“ಸಪ್ಪಳನ ಇಲ್ಲಲೇ. ಸತ್ತೈತೇನು?”

“ಅದಕ್ಕ ಫ್ಯಾನ್ ಇರಂಗಿಲ್ಲರಿ ಭಾಯಿ,” ಎಂದ ವೀರೇಶ. “ಅಕ್ಕಾರ ಟೈಪಿಂಗ್‌ಗೆ ಇದು ಬೇಕಾದಷ್ಟಾತು. ಸಂಜಿಮಟ ಚಾರ್ಜ್ ತಡೀತೈತಿ.”

ಆಸಿಫಾ ಆಗಲೇ ಅದರ ಮೇಲೆ ಅರ್ಧ ಅರ್ಜಿ ಕುಟ್ಟಿದ್ದರು. “ಭಾಯಿ, ಕೀಲಿ ಕೈಗೆ ಚಲೋ ಕೂಡ್ತಾವು. ಇದ ಇರ್ಲಿ.”

“ನೀ ಸುಮ್ಮನಿರು, ನಿನಗ ತಿಳಿಯಂಗಿಲ್ಲ. ಇದು ಸೈಕಲ್ಲು. ವೀರೇಶ, ಬುಲೆಟ್ ಇದ್ರ ತೋರ್ಸು.”

ವೀರೇಶ ನಿಟ್ಟುಸಿರುಬಿಟ್ಟು, ಯಾರೋ ಗೇಮ್ ಆಡಿ ಮಾರಿಹೋದ ದಪ್ಪನೆಯದೊಂದನ್ನು ಅದೇ ಬೆಲೆಗೆ ಮುಂದಿಟ್ಟ. ಗುಂಡಿ ಒತ್ತಿದ್ದೇ ತಡ, ಗುಂಯ್ ಎಂದಿತು. ಪಕ್ಕದಿಂದ ಹೊರಟ ಬಿಸಿಗಾಳಿ ಭಾಯಿಯ ಗಡ್ಡ ಸವರಿತು. “ನೋಡು! ಇದಕ್ಕ ದಮ್ ಐತಿ!”

ಕಲ್ಲುಬೆಂಚಿನ ಮೇಲೆ ಆ ದಮ್ಮು ಮೊದಲ ಅರ್ಜಿ ಮುಗಿಯುವ ಮುಂಚೆಯೇ ಚಾರ್ಜು ತೀರಿ ಕಟ್ಟಿತು. ಎದುರು ಕೂತಿದ್ದ ಮಾಲವ್ವ ಕಪ್ಪಾದ ಪರದೆಯನ್ನು ದಿಟ್ಟಿಸಿದರು. “ಯವ್ವಾ, ನನ್ನ ಪಿಂಚಣಿ ಅದರಾಗ ಸಿಕ್ಕೊಂತೇನು?” ಎಂದವರೇ ಎದ್ದು ರಸ್ತೆ ದಾಟಿದರು. ಸೆಕೆಂಡ್‌ಹ್ಯಾಂಡ್ ಮಾಲು, ಅಂಗಡಿ ವಾಪಸು ತಗೊಳ್ಳಲಿಲ್ಲ.

ಆಸಿಫಾ ಟೈಪ್‌ರೈಟರಿನ ರಿಬ್ಬನ್ ಸರಿಪಡಿಸುತ್ತ ಹೇಳುತ್ತಾರೆ: “ಊರ ಮಂದಿ ಹೇಳಿದ್ದನ್ನ ಒಂದಕ್ಷರ ಬಿಡದಂಗ ಸಾಹೇಬರಿಗೆ ಮುಟ್ಟಿಸೇನ್ರಿ. ನಾ ಹೇಳಿದ್ದು ನಮ್ಮ ಮನ್ಯಾಗ ಮುಟ್ಟಲಿಲ್ಲ ನೋಡ್ರಿ. ಸಣ್ಣದೊಂದು ಸಾಕಿತ್ತು.”

ಲ್ಯಾಪ್‌ಟಾಪು ಈಗ ಭಾಯಿಯ ಗ್ಯಾರೇಜಿನಲ್ಲಿ, ಪ್ಲಗ್ಗಿಗೆ ಸಿಕ್ಕಿಸಿಕೊಂಡು ಕವ್ವಾಲಿ ಹಾಡುತ್ತಿದೆ. ಸಂಜೆಯಾದರೂ ಬೆಂಚಿಗೆ ಇವತ್ತು ಯಾರೂ ಬರಲಿಲ್ಲ.