ಜೋಳದ ನುಚ್ಚು

ನಮ್ಮವ್ವ ಬಸವಣ್ಣೆಮ್ಮ ಹುಳಿ ಸೊಪ್ಪಿನ ಪುಂಡಿಪಲ್ಯ ಮಾಡಿದರೆ ಗೊರೇಬಾಳದ ನಮ್ಮ ಓಣಿಯೇ ಬಟ್ಟಲು ಹಿಡಿದು ಬರುತ್ತದೆ. ಅಜ್ಜಿ ಸತ್ತಾಗಿನಿಂದ ಅವಳು ಮಾತ್ರ ಅದನ್ನು ಬಾಯಿಗಿಡುವುದಿಲ್ಲ. ಉಪ್ಪು ನೋಡುವುದಕ್ಕೂ ನಾನೇ ಬೇಕು.

ಕಾಲುವೆ ಬಂದ ಮೇಲೆ ನಮ್ಮ ಹೊಲವೆಲ್ಲ ಗದ್ದೆಯಾಗಿ, ಮನೆಯಲ್ಲಿ ಒಂದು ಹಿಡಿ ಜೋಳ ಉಳಿದಿರಲಿಲ್ಲ. ಹಾಸಿಗೆ ಹಿಡಿದಿದ್ದ ಅಜ್ಜಿ, ಅಂದರೆ ಅವ್ವನ ಅತ್ತೆ, ಸಾಯುವ ಮುಂಚೆ ಬಾಯಿಬಿಟ್ಟು ಕೇಳಿದ್ದು ಒಂದೇ.

"ಜೋಳದ ನುಚ್ಚು ಹಾಕಿ ಪುಂಡಿಪಲ್ಯ ಮಾಡ ಬೇ. ಅದ ಖರೆ ಪಲ್ಯ."

ಪಕ್ಕದ ಕರೆಮ್ಮನ ಮನೆಯಲ್ಲಿ ಜೋಳವಿತ್ತು. ಆದರೆ ಕರೆಮ್ಮ ನಮ್ಮ ಗದ್ದೆಗೆ ಕೂಲಿಗೆ ಬರುವವಳು. ನೆಲ್ಲು ಬೆಳೆಯುವ ಮನೆಯವಳು ಅವಳ ಬಾಗಿಲಿಗೆ ಹೋಗಿ ಜೋಳ ಕೇಳುವುದೇ? ಸುಡುಗಾಡು ದೊಡ್ಡಸ್ತಿಕೆ! ಅವ್ವ ಅಕ್ಕಿ ನುಚ್ಚನ್ನೇ ಹಾಕಿ ಕುದಿಸಿದಳು. ಗೊತ್ತಾಗದಿರಲೆಂದು ಬೆಳ್ಳುಳ್ಳಿ ಒಗ್ಗರಣೆಯನ್ನು ಎರಡರಷ್ಟು ಕೊಟ್ಟಳು.

ಕಣ್ಣು ಕಾಣದ ಅಜ್ಜಿ ನಿಧಾನವಾಗಿ ಅಷ್ಟನ್ನೂ ಉಂಡಳು.

"ಹೆಂಗಾಗೇತ್ರೀ ಅತ್ತಿ?" ಅವ್ವ ಅಂಜುತ್ತಲೇ ಕೇಳಿದಳು.

ಅಜ್ಜಿ ಸೊಸೆಯ ಕೈ ಸವರಿದಳು.

"ಛಲೋ ಆಗೇತಿ ಬೇ. ಕರೆಮ್ಮಗೂ ಒಂದು ಬಟ್ಟಲ ಕೊಟ್ಟು ಬಾ. ಅಕ್ಕಿ ನುಚ್ಚಿನ ಪಲ್ಯ ಪಾಪ ಆಕಿಗೆಲ್ಲಿ ಸಿಗತೈತಿ?"