ಹಿಂದಕ್ಕೆ ಹೋಗುವ ಕೈಗಳು

ನಮ್ಮ ಭಾವ ಗಾಜು ಕತ್ತರಿಸುವವರು. ಕಿಟಕಿಗಾಗಲಿ ಕನ್ನಡಿಗಾಗಲಿ, ಒಂದೇ ಗೆರೆ ಎಳೆದು ಟಕ್ಕನೆ ಮುರಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದು. ಅದೇ ಅಂಗಡಿಯಲ್ಲಿ ಚೌಕಟ್ಟು ಜೋಡಿಸುವುದು ನನ್ನ ಕೆಲಸ. ಅಕ್ಕನನ್ನು ಇವರಿಗೇ ಕೊಡೋಣ ಎಂದು ಮನೆಯಲ್ಲಿ ಹಟ ಹಿಡಿದವನೂ ನಾನೇ. ಹಾಗಾಗಿ, ಅಕ್ಕ ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದು ಎರಡು ತಿಂಗಳಾದರೂ ಭಾವ ಮಗುವನ್ನು ಒಮ್ಮೆಯೂ ಎತ್ತಿಕೊಂಡಿಲ್ಲ ಎಂದು ತಿಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಬೇರೆ ಯಾವುದರಲ್ಲೂ ಅವರನ್ನು ಎತ್ತಿ ಆಡುವ ಹಾಗಿರಲಿಲ್ಲ. ಮಗುವಿನ ಬಟ್ಟೆ ಒಗೆಯುತ್ತಿದ್ದರು, ಬಾಟಲಿ ಕುದಿಸುತ್ತಿದ್ದರು, ತೊಟ್ಟಿಲಿಗೆ ಸೊಳ್ಳೆಪರದೆ ಹೊಲಿದು ಕಟ್ಟಿದ್ದರು. ಅಕ್ಕ ಮಗುವನ್ನು ಕೊಡಲು ಹೋದರೆ ಮಾತ್ರ "ಕೈಯಲ್ಲಿ ಗಾಜಿನ ಪುಡಿ ಇದೆ, ತೊಳ್ಕೊಂಡು ಬರ್ತೀನಿ" ಎಂದು ಬಚ್ಚಲಿಗೆ ಹೋದವರು ಅರ್ಧ ಗಂಟೆ ಈಚೆ ಬರುತ್ತಿರಲಿಲ್ಲ. ಉಜ್ಜಿ ಉಜ್ಜಿ ಬೆರಳ ಸಂದಿಯೆಲ್ಲ ಕೆಂಪಾಗಿತ್ತು. ಏನಿದು, ನನಗೆ ತಲೆಬುಡ ತಿಳಿಯಲಿಲ್ಲ.

"ಮಗು ಅವರಿಗೆ ಬೇಡ ಕಣೋ" ಎಂದು ಅಕ್ಕ ಕಣ್ಣೊರೆಸಿಕೊಂಡಳು. "ಇನ್ನೊಂದು ವಾರ ನೋಡ್ತೀನಿ. ಆಮೇಲೆ ಎತ್ಕೊಂಡು ಅಮ್ಮನ ಮನೆಗೆ ಹೊರಟುಬಿಡ್ತೀನಿ. ಮತ್ತೆ ಬರಲ್ಲ."

ಲಸಿಕೆಯ ದಿನ ನಾನೂ ಜೊತೆಗೆ ಹೋದೆ. ನರ್ಸಮ್ಮ ಅಕ್ಕನನ್ನು ಕೇಳಿದರು: "ನಿದ್ದೆ ಬರುತ್ತಾ? ಊಟ ಸೇರುತ್ತಾ? ಸುಮ್ಸುಮ್ನೆ ಅಳು ಬರುತ್ತಾ?"

"ಬರುತ್ತೆ" ಎಂದುಬಿಟ್ಟರು ಪಕ್ಕದಲ್ಲಿದ್ದ ಭಾವ.

ನರ್ಸಮ್ಮ ನಕ್ಕರು. "ನಿಮ್ಮನ್ನಲ್ಲ ಸಾರ್, ತಾಯೀನ ಕೇಳಿದ್ದು."

ನಾನೂ ನಕ್ಕೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾಲ್ಕು ದಿನ ಕಳೆದಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಭಾವ ಎದೆಯೆತ್ತರದ ಗಾಜೊಂದನ್ನು ಮೇಜಿನಿಂದ ಎತ್ತುವಾಗ ಅದು ಜಾರಿತು. ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಸುವುದು ಇದೊಂದೇ: ಜಾರಿದ ಗಾಜನ್ನು ಹಿಡಿಯಲು ಹೋಗಬಾರದು. ಕೈ ಎತ್ತಬೇಕು, ಹಿಂದೆ ಸರಿಯಬೇಕು, ಒಡೆದರೆ ಒಡೆಯಲಿ. ಹದಿನೆಂಟು ವರ್ಷದಿಂದ ಹೊಸಬರಿಗೆಲ್ಲ ಇದನ್ನು ಹೇಳಿಕೊಟ್ಟವರು ಭಾವನೇ. ಅಂಥವರು ಅಂದು ಎರಡೂ ಕೈ ಚಾಚಿ ಗಾಜನ್ನು ಹಿಡಿದರು. ಎಡ ಅಂಗೈ ಸೀಳಿಹೋಯಿತು.

"ತಲೆ ಕೆಟ್ಟಿದೆಯೇನ್ರೀ ನಿಮಗೆ?" ಎಂದು ಮಾಲೀಕರು ಕಿರುಚಿದರು. ನಾನು ಬಟ್ಟೆ ಸುತ್ತುತ್ತಿದ್ದರೆ ಭಾವ ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

"ನೋಡಿದ್ಯೇನೋ? ಕೈ ಮುಂದಕ್ಕೆ ಹೋಯ್ತು" ಎಂದರು. "ಮುಂದಕ್ಕೆ ಹೋಯ್ತು!"

ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಅಕ್ಕನ ಮುಂದೆ ಬಾಯಿಬಿಟ್ಟರು.

"ಆಸ್ಪತ್ರೇಲಿ ಮೊದಲ ದಿನ ನೀನು ಕೊಟ್ಟಾಗ ಮಗು ಮಿಸುಕಿತು. ನನ್ನ ಕೈ ತಾನಾಗೇ ಬಿಟ್ಕೊಳ್ತು. ಕೆಳಗೆ ಹಾಸಿಗೆ ಇತ್ತು, ನೀನೂ ಹಿಡ್ಕೊಂಡೆ. ಅವತ್ತಿಂದ ಕಣ್ಣು ಮುಚ್ಚಿದ್ರೆ ಅದೇ. ಮಗು ಜಾರುತ್ತೆ, ನಾನು ಕೈ ಎತ್ತಿ ಹಿಂದೆ ಸರೀತೀನಿ. ಯಾವ ಅಪ್ಪನಿಗೆ ಹೀಗೆಲ್ಲ ಬರುತ್ತೆ? ನನಗೆ ಮಗು ಮೇಲೆ ಪ್ರೀತಿ ಇದೆಯೋ ಇಲ್ವೋ, ಅದೂ ಗೊತ್ತಾಗ್ತಿಲ್ಲ ಕಣೇ."

"ಎರಡು ತಿಂಗಳಿಂದ ಬಾಯಲ್ಲೇನು ಕಡುಬು ಇಟ್ಕೊಂಡಿದ್ರಾ?" ಅಕ್ಕ ಬೈದಳು, ಬೈಯುತ್ತಲೇ ಅತ್ತಳು. "ನಾಳೆ ಆ ನರ್ಸಮ್ಮನ ಹತ್ರ ಹೋಗೋಣ. ನೀವೇ ಹೇಳಿ. ನಗಲಿ ನೋಡ್ತೀನಿ." ಆಮೇಲೆ ಮಗುವನ್ನು ಎತ್ತಿಕೊಂಡು ಬಂದಳು. "ನೆಲದ ಮೇಲೆ ಕೂತ್ಕೊಳ್ಳಿ. ಇಲ್ಲಿಂದ ಕೆಳಗೆ ಬೀಳೋಕೆ ಜಾಗವೇ ಇಲ್ಲ."

ಗೋಡೆಗೊರಗಿ ಕುಳಿತ ಭಾವನ ಮಡಿಲಿಗೆ ಮಗುವನ್ನು ಇಟ್ಟಳು. ಅದು ಮಿಸುಕಿತು. ಭಾವನ ಬಲಗೈ ಮಗುವಿನ ಬೆನ್ನು ಬಿಟ್ಟು ಏಳಲಿಲ್ಲ.

"ನಾಳೆ ಅಂಗಡೀಲಿ ಗಾಜು ಜಾರಿದ್ರೆ ಈ ಕೈ ಏನು ಮಾಡುತ್ತೋ?" ಎಂದು ತಲೆಯೆತ್ತದೆ ನನ್ನನ್ನು ಕೇಳಿದರು.

"ಗಾಜಿನದು ನಾನು ನೋಡ್ಕೋತೀನಿ ಭಾವ" ಎಂದೆ. "ನೀವು ಹಿಡ್ಕೊಂಡಿರಿ."