ಧಾರೆಯ ಫೋಟೋದಲ್ಲಿರುವ ಕೈ

ಮೇಘಾ, ನಿಮ್ಮ ಮನೆಯ ಹಾಲ್‌ನಲ್ಲಿ ತೂಗುಹಾಕಿರುವ ಫೋಟೋದಲ್ಲಿರುವುದು ನಿಮ್ಮ ಅಪ್ಪನ ಕೈಯಲ್ಲ. ನಿನ್ನ ಧಾರೆಯ ಹೊತ್ತಿಗೆ ನಾನು ಮಂಟಪದ ಹತ್ತಿರ ಇರಲೇ ಇಲ್ಲ. ಅದು ಬೇರೆ ಯಾರದೋ ಮದುವೆಯಲ್ಲಿ, ಬೇರೆ ಯಾರದೋ ಅಪ್ಪನ ಕೈ — ನಾನೇ ತೆಗೆದದ್ದು, ನಾನೇ ನಿನ್ನ ಆಲ್ಬಮ್ಮಿಗೆ ಸೇರಿಸಿದ್ದು.

ಸುತ್ತಿ ಬಳಸಿ ಮಾತಾಡುವ ಜಾಯಮಾನ ನನ್ನದಲ್ಲ, ನಿನಗೇ ಗೊತ್ತು. ಅತ್ತು ಕರೆದು ನಿನ್ನ ಮನಸ್ಸು ಕರಗಿಸೋಣ ಅಂತಲೂ ಬರೆಯುತ್ತಿಲ್ಲ.

ನಿನ್ನ ಮದುವೆಯ ವಾರ ಫೋಟೋ ಕೆಲಸಕ್ಕೇ ಅಲೆದಾಟ: ಬುಧವಾರ ಡಾಲಸ್‌ನಲ್ಲಿ ಒಂದು ಕಂಪನಿಯ ಸಮಾರಂಭ, ಗುರುವಾರ ಶಿಕಾಗೋದಲ್ಲಿ ಸೀಮಂತ, ಶುಕ್ರವಾರ ಮಧ್ಯಾಹ್ನ ನ್ಯೂವಾರ್ಕ್‌ನಲ್ಲಿ ಇಳಿದೆ. ಸೂಟ್‌ಕೇಸಿನ ಬಟ್ಟೆಯನ್ನು ಕಪಾಟಿಗೆ ಎತ್ತಿಡುವುದನ್ನೇ ಬಿಟ್ಟು ಎಷ್ಟು ಕಾಲವಾಗಿತ್ತೋ. ಏರ್‌ಪೋರ್ಟಿನ ನೆಲದ ಮೇಲೆ ಕೂತು ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತಾ ಚಿತ್ರಾನ್ನ ತಿಂದವಳು ನಾನು. ಆ ಬದುಕಿನ ಬಗ್ಗೆ ನನಗೆ ಒಂದು ಚೂರೂ ನಾಚಿಕೆಯಿಲ್ಲ. "ಹೆಂಗಸಾಗಿ ಹೀಗೆ ಊರೂರು ಅಲೆಯೋದಾ" ಅಂತ ಮೂಗು ಮುರಿದವರೇ ಆಮೇಲೆ ತಮ್ಮ ಮಕ್ಕಳ ಮದುವೆಗೆ ನನ್ನನ್ನೇ ಕರೆದರು. ನಾಚಿಕೆ ಇರುವುದು ಶನಿವಾರದ ಬಗ್ಗೆ.

ನಿನ್ನ ಮುಹೂರ್ತ ಹತ್ತು ಇಪ್ಪತ್ತಕ್ಕೆ, ಓಲ್ಡ್ ಬ್ರಿಡ್ಜ್‌ನಲ್ಲಿ. ನಾನು ಬೆಳಿಗ್ಗೆ ಆರೂವರೆಗೆ, ಅಲ್ಲಿಂದ ಗಂಟೆಗೂ ಹೆಚ್ಚಿನ ದಾರಿಯ ಫ್ಲೋರಲ್ ಪಾರ್ಕ್‌ನಲ್ಲಿ ಒಂದು ಗೃಹಪ್ರವೇಶ ಒಪ್ಪಿಕೊಂಡಿದ್ದೆ. ನಿಮಗೆ ಹೇಳಿರಲಿಲ್ಲ. ನಮ್ಮವರು ಹತ್ತು ಅಂದರೆ ಹನ್ನೊಂದೂವರೆ, ಇಷ್ಟು ವರ್ಷ ನೋಡಿಲ್ಲವೇ — ಇದು ನನ್ನ ಲೆಕ್ಕಾಚಾರ. ಅಲ್ಲಿ ಎಲೆಕ್ಟ್ರಿಕ್ ಒಲೆಯ ಮೇಲೆ ಹಾಲಿಟ್ಟರು, ಅದು ಉಕ್ಕಲೇ ಒಲ್ಲದು. ಉಕ್ಕುವ ತನಕ ಎಲ್ಲರೂ ಪಾತ್ರೆ ನೋಡುತ್ತಾ ನಿಂತರು, ನಾನೂ ನಿಂತೆ. ಹೊರಟುಬಿಡಬಹುದಿತ್ತು. ಹೊರಡಲಿಲ್ಲ. ಇತ್ತ ನಿಮ್ಮ ಪುರೋಹಿತರಿಗೆ ಮಧ್ಯಾಹ್ನ ಇನ್ನೊಂದೂರಿನಲ್ಲಿ ಸತ್ಯನಾರಾಯಣ ಪೂಜೆಯಂತೆ — ಅವರೂ ನನ್ನ ಹಾಗೆ ಕಾರಿನಲ್ಲೇ ಬದುಕುವವರು. ಒಂದು ನಿಮಿಷ ಆಚೀಚೆ ಮಾಡದೆ ಧಾರೆ ಎರೆಸಿದರು. ನಾನು ಹಿಂಬಾಗಿಲಿನಿಂದ ನುಗ್ಗಿದಾಗ ಮಾಂಗಲ್ಯದ ತಟ್ಟೆ ಎಲ್ಲರ ಕೈ ಮುಟ್ಟಿ ಬರುತ್ತಿತ್ತು. ಮಂಟಪದ ಸುತ್ತ ಜನ, ಅಕ್ಷತೆ, ಗಲಾಟೆ. ನಾನು ಇರಲಿಲ್ಲ ಅನ್ನುವುದು ಯಾರ ಗಮನಕ್ಕೂ ಬರಲಿಲ್ಲ.

ಇನ್ನೊಂದು ಮಾತು, ಇದನ್ನು ಬರೆಯಲು ಕೈ ಏಳುವುದಿಲ್ಲ. ಬಾಗಿಲಲ್ಲಿ "ದಯವಿಟ್ಟು ಫೋನ್ ಒಳಗಿಡಿ" ಅನ್ನುವ ಬೋರ್ಡ್ ಇತ್ತಲ್ಲ, ಅದನ್ನು ಹಾಕಿಸಿದ್ದು ನಾನು. ಎಲ್ಲರೂ ಫೋನ್ ಎತ್ತಿ ಹಿಡಿದರೆ ನನ್ನ ಫ್ರೇಮ್ ಕೆಡುತ್ತದೆ ಅಂತ. ನಿಮ್ಮ ಜನ ಎಷ್ಟು ಮರ್ಯಾದಸ್ಥರೆಂದರೆ, ಒಬ್ಬರೂ ತೆಗೆಯಲಿಲ್ಲ.

ಊಟದ ಹೊತ್ತಿಗೆ ನಿಮ್ಮ ಅಪ್ಪ ರಂಗನಾಥ ಅಂಕಲ್ ಹುಡುಕಿಕೊಂಡು ಬಂದರು. "ಧಾರೇದು ಚೆನ್ನಾಗಿ ಬಂತೇನಮ್ಮಾ?"

"ತುಂಬಾ ಚೆನ್ನಾಗಿ ಬಂತು ಅಂಕಲ್."

ಅಷ್ಟೇ. ಇಲ್ಲ ಅಂದಿದ್ದರೆ ಅವರು ಒಂದು ಸಲ ಬೈಯುತ್ತಿದ್ದರೇನೋ, ಆಮೇಲೆ ನಿನ್ನನ್ನು ಕರೆದು ಫೋಟೋಗಾಗಿ ಮತ್ತೊಮ್ಮೆ ಕೈ ಹಿಡಿದು ನಿಲ್ಲುತ್ತಿದ್ದರು. ಹಾರವನ್ನು ಎರಡೆರಡು ಸಲ ಹಾಕಿಸಿ ಫೋಟೋ ತೆಗೆಯುವವಳು ನಾನು, ಇದನ್ನು ಕೇಳಲು ಬಾಯಿ ಬರಲಿಲ್ಲ. ಧಾರೆಯ ಫೋಟೋ ತಪ್ಪಿಹೋಯಿತು ಅಂತ ಎಲ್ಲರಿಗೂ ಗೊತ್ತಾಗುತ್ತದಲ್ಲ — ನನ್ನ ಹೆಸರು...

ಆಲ್ಬಮ್ಮಿಗೆ ಹಾಕಿದ್ದು ಆ ಬೇರೆ ಮದುವೆಯ ಫೋಟೋ: ದರ್ಭೆಯ ಪವಿತ್ರ ಹಾಕಿದ ಗಂಡಸಿನ ಕೈ, ಅದರಡಿ ತೆಂಗಿನಕಾಯಿ, ಮೇಲಿನಿಂದ ಬೀಳುವ ಹಾಲು. ಹುಡುಗಿಯ ಬೆರಳು ಕಾಣದ ಹಾಗೆ ಕ್ರಾಪ್ ಮಾಡಿದೆ. ಆಲ್ಬಮ್ ನೋಡುವಾಗ ನಿಮ್ಮಮ್ಮ ಆ ಪುಟದಲ್ಲಿ ನಿಂತರು. "ಇವರ ಕೈ ಇಷ್ಟು ದಪ್ಪ ಕಾಣುತ್ತಲ್ಲಮ್ಮಾ?" ಅಂದರು. "ಲೆನ್ಸ್ ಹಾಗೆ ತೋರಿಸುತ್ತೆ ಆಂಟಿ" ಅಂದೆ. ಮೂವತ್ತು ವರ್ಷ ಅಂಕಲ್ ಕೈ ಹಿಡಿದವರು, ಅವರಿಗೆ ಗೊತ್ತಿತ್ತು. ಅವರ ಕಣ್ಣನ್ನೇ ಸುಳ್ಳು ಮಾಡಿದೆ. ಮೊದಲನೆಯ ಸುಳ್ಳನ್ನು ಗಾಬರಿಯಲ್ಲಿ ಹೇಳಿದ್ದೆ. ಇದನ್ನು ಕಾಫಿ ಕುಡಿಯುತ್ತಾ ಹೇಳಿದೆ.

ವರ್ಷ ತುಂಬುವ ಮೊದಲೇ ಅಂಕಲ್ ಹಾರ್ಟ್ ಅಟ್ಯಾಕ್‌ನಲ್ಲಿ ಹೋದರು. ನೀನು ಫೋನ್ ಮಾಡಿ, "ಅಕ್ಕಾ, ಧಾರೆ ಫೋಟೋ ದೊಡ್ಡದು ಮಾಡಿಸಿಕೊಡಿ, ಐ ವಾಂಟ್ ಇಟ್ ಆನ್ ದ ವಾಲ್" ಅಂದೆ. ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ, ಮಾಡಿಸಿ ಕಳಿಸಿದೆ.

ಹೋದ ತಿಂಗಳು ನಿನ್ನ ಮಗಳ ಮೊದಲ ಹುಟ್ಟುಹಬ್ಬಕ್ಕೆ ಮತ್ತೆ ನನ್ನನ್ನೇ ಕರೆದೆ. ನೀನು ಅವಳನ್ನು ಎತ್ತಿಕೊಂಡು ಆ ಫ್ರೇಮಿನ ಮುಂದೆ ನಿಂತು, "ತಾತಂಗೆ ಮುತ್ತು ಕೊಡು ಪುಟ್ಟಿ" ಅಂದೆ. ಮಗು ಗಾಜಿಗೆ ಬಾಯಿ ಒತ್ತಿತು. ನಾನು ಅದನ್ನೂ ಕ್ಲಿಕ್ ಮಾಡಿದೆ, ಮೇಘಾ. ಅಭ್ಯಾಸಬಲ.

ನನ್ನ ಗಂಡ ಅನ್ನುತ್ತಾನೆ, "ಸುಮ್ನಿರು, ಆ ಹುಡುಗಿಗೆ ಅದರಲ್ಲೇ ಸಮಾಧಾನ ಇದೆ, ಯಾಕೆ ಕೆದಕ್ತೀಯ?" ಇಂಥ ಕಡೆ ಬಾಯಿ ಮುಚ್ಚಿಕೊಂಡಿರುವುದೇ ದೊಡ್ಡತನವಂತೆ. ಯಾರ ಸಮಾಧಾನ? ನನ್ನದು! ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ನಿನಗಾಗಿ ಅಂತ ಹೇಳಿಕೊಳ್ಳುವಷ್ಟು ಭಂಡಳಲ್ಲ ನಾನು. ಇನ್ನು ನಮ್ಮ ಜನರಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲವೇ? ಬೇಡ, ಕರೆಯದಿರಲಿ.

ಭಾನುವಾರ ಹತ್ತು ಗಂಟೆಗೆ ಬರುತ್ತೇನೆ. ಆಂಟಿಯ ಎದುರಿಗೆ ನಿಂತು, ಅವರ ಕಣ್ಣು ಸರಿಯಾಗಿಯೇ ನೋಡಿತ್ತು ಅಂತ ನನ್ನ ಬಾಯಿಂದಲೇ ಹೇಳಬೇಕು. ನೀನು ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ನಿಂತೇ ಹೇಳುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ. ಬದಲಿಗೆ ಕೊಡಲು ಬೇರೆ ಫೋಟೋನೂ ಇಲ್ಲ, ಆ ದಿನದ ಒಂದೊಂದು ಫ್ರೇಮನ್ನೂ ತಿರುವಿ ಹಾಕಿದ್ದೇನೆ. ಧಾರೆ ಎರೆಯುವಾಗ ನಿಮ್ಮ ಅಪ್ಪನ ಕೈ ನಿನ್ನ ಕೈ ಮೇಲೆ ಹೇಗಿತ್ತು ಅನ್ನುವುದು ನಿನಗೊಬ್ಬಳಿಗೆ ಗೊತ್ತು. ನಾನು ನೋಡಿಲ್ಲ.